ಸಹಿ ಬಿಡಿ, ಕಾಗದ ನೋಡಿ: ರೂವೋನ ತಾಮ್ರದಚ್ಚಿನ ಚಿತ್ರ ಕೊಳ್ಳುವವರಿಗೆ

ಸಾಗರದಲ್ಲಿ ನಮ್ಮ ಬೀದಿಯ ತುದಿಗೆ ಗುಡಿಗಾರರ ಮನೆಯೊಂದಿತ್ತು. ಶಾಲೆಯಿಂದ ಬರುವಾಗ ಅಲ್ಲಿ ನಿಂತು ಶ್ರೀಗಂಧ ಕೆತ್ತುವುದನ್ನು ನೋಡುತ್ತಿದ್ದೆ. ಉಳಿ ತಾಗಿದ ಕಡೆಯಿಂದಲೇ ಪರಿಮಳ ಏಳುತ್ತಿತ್ತು. ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ಲಿಯೋನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ಹಳೆಯ ಪ್ರಿಂಟ್, ಅಂದರೆ ತಗಡಿನಿಂದ ಕಾಗದಕ್ಕೆ ಅಚ್ಚು ತೆಗೆದಂಥ ಚಿತ್ರ, ಮಾರುವ ಅಂಗಡಿಯೊಂದರಲ್ಲಿ ದೊಡ್ಡದೊಂದು ಕಪ್ಪು ಚಿತ್ರ ಕಣ್ಣಿಗೆ ಬಿತ್ತು. ಹೆಸರೇನು ಅಂತ ಕೇಳಿದೆ. ಅಂಗಡಿಯವರು ಓದಿ ಹೇಳಿದರು: ಸಜ್ಜನ ಗಂಧದ ಮರದ ಹಾಗೆ, ತನ್ನನ್ನು ಕಡಿಯುವ ಕೊಡಲಿಗೂ ಕಂಪು ಹಚ್ಚುತ್ತಾನೆ. ಕಡಿದರೂ ತೇದರೂ ಗಂಧ ಕಂಪು ಬಿಡುವುದಿಲ್ಲ ಅನ್ನುವ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ಅದೇ ಮಾತು ಪ್ಯಾರಿಸ್ಸಿನ ಒಬ್ಬ ಕಲಾವಿದನ ತಾಮ್ರದ ತಗಡಿನ ಮೇಲೆ ಹೇಗೆ ಬಂತು?

ಆ ಕಲಾವಿದ ಜಾರ್ಜ್ ರೂವೋ. ಆ ಚಿತ್ರ 'ಮಿಸೆರೆರೆ' ಅನ್ನುವ 58 ಚಿತ್ರಗಳ ಸರಣಿಯ 46ನೆಯದು. ಅದನ್ನು ಅವತ್ತು ಕೊಳ್ಳಲಿಲ್ಲ, ಕೈಯಲ್ಲಿ ಅಷ್ಟು ದುಡ್ಡೂ ಇರಲಿಲ್ಲ. ಆದರೆ ಅಲ್ಲಿಂದ ಈ ಗೀಳು ಹಿಡಿಯಿತು. ಮುಂದೆ ಒಮ್ಮೆ ಮೋಸ ಹೋದೆ, ಆಮೇಲೆ ನಿಧಾನಕ್ಕೆ ಕಲಿತೆ, ಈಗ ನನ್ನ ಹತ್ತಿರ ಈ ಸರಣಿಯ ನಾಲ್ಕು ಹಾಳೆಗಳಿವೆ. ಪ್ರಿಂಟ್ ಕೊಳ್ಳಬೇಕು ಅಂತ ಆಸೆ ಇರುವ, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದ ಕನ್ನಡದವರು ಯುರೋಪಿನಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಬ್ಬ ಕಲಾವಿದ, ಒಂದೇ ಸರಣಿ

ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಒಂದು ಪಿಕಾಸೊ, ಒಂದು ಮತೀಸ್, ಒಂದು ಶಗಾಲ್ ಅಂತ ಎಲ್ಲದಕ್ಕೂ ಕೈ ಹಾಕುವುದು. ಒಬ್ಬೊಬ್ಬ ಕಲಾವಿದನ ಪ್ರಿಂಟಿಗೂ ಬೇರೆ ಬೇರೆ ಕಾಗದ, ಬೇರೆ ಮುದ್ರಕ, ಬೇರೆ ಲೆಕ್ಕ. ಎಲ್ಲವನ್ನೂ ಅರ್ಧಂಬರ್ಧ ತಿಳಿದರೆ ಮಾರುವವನು ಹೇಳಿದ್ದೇ ಸತ್ಯ ಆಗಿಬಿಡುತ್ತದೆ. ಒಂದೇ ಸರಣಿಯನ್ನು ಹಿಡಿದು ಆರು ತಿಂಗಳು ಓದಿ, ನೋಡಿ, ಅಳತೆ ಬಾಯಿಪಾಠ ಮಾಡಿಕೊಳ್ಳಿ. ಆಗ ನಿಮಗಿಂತ ಜಾಸ್ತಿ ಗೊತ್ತಿರುವ ಅಂಗಡಿಯವರು ಕೂಡ ಕಡಿಮೆಯೇ.

ರೂವೋನ ಮಿಸೆರೆರೆ ಹೊಸಬರಿಗೆ ಒಳ್ಳೆಯದು ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ದೊಡ್ಡ ಕಲಾವಿದನ ದೊಡ್ಡ ಕೆಲಸ. ಅದರ ಮುದ್ರಣದ ಲೆಕ್ಕ ಸ್ಪಷ್ಟವಾಗಿ ದಾಖಲಾಗಿದೆ. ಮತ್ತೆ ಬಿಡಿ ಹಾಳೆಗಳು ಹರಾಜಿನಲ್ಲಿ ಆಗಾಗ ಬರುತ್ತಲೇ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ಕೆಲವು ನೂರು ಯೂರೋದಿಂದ ಕೆಲವು ಸಾವಿರ ಯೂರೋ ಒಳಗೇ ಸಿಗುತ್ತವೆ. ಕಡಿಮೆ ದುಡ್ಡು ಅಂತ ಹೇಳುತ್ತಿಲ್ಲ. ಆದರೆ ಇದೇ ಕಲಾವಿದನ ಒಂದು ಎಣ್ಣೆಬಣ್ಣದ ಚಿತ್ರದ ಬೆಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಕಥೆ ಗೊತ್ತಿರಲಿ, ಅದು ದುಡ್ಡು ಉಳಿಸುತ್ತದೆ

ರೂವೋ ಹುಟ್ಟಿದ್ದು 1871ರಲ್ಲಿ, ಪ್ಯಾರಿಸ್ಸಿನ ಬೆಲ್‌ವಿಲ್‌ನಲ್ಲಿ. ಊರಿನ ಮೇಲೆ ಗುಂಡಿನ ಮಳೆ ಬೀಳುತ್ತಿದ್ದಾಗ ಮನೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಮಗು. 14ನೇ ವಯಸ್ಸಿಗೆ ಬಣ್ಣದ ಗಾಜಿನ ಕಿಟಕಿ ಮಾಡುವವರ ಹತ್ತಿರ ಕೆಲಸಕ್ಕೆ ಸೇರಿದ. ಚರ್ಚಿನ ಕಿಟಕಿಯಲ್ಲಿ ಗಾಜಿನ ತುಂಡುಗಳ ನಡುವೆ ಸೀಸದ ಕಪ್ಪು ಪಟ್ಟಿ ಇರುತ್ತದಲ್ಲ, ಆ ದಪ್ಪ ಕಪ್ಪು ಗೆರೆ ಅವನ ಕೈ ಬಿಡಲೇ ಇಲ್ಲ. ಮಿಸೆರೆರೆಯ ಯಾವ ಹಾಳೆ ನೋಡಿದರೂ ಅದು ಕಾಣುತ್ತದೆ.

1912ರಲ್ಲಿ ಅವನ ತಂದೆ ತೀರಿಕೊಂಡರು. ಆ ಸುಮಾರಿಗೆ ಈ ಚಿತ್ರಗಳ ಯೋಚನೆ ಶುರುವಾಯಿತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಕಪ್ಪು ಇಂಕಿನಲ್ಲಿ ಬರೆದ. ವಿದೂಷಕರು, ಬಡವರು, ನ್ಯಾಯಾಧೀಶರು, ಸತ್ತವರು, ಶಿಲುಬೆಯ ಕ್ರಿಸ್ತ. ಮಿಸೆರೆರೆ ಅಂದರೆ ಲ್ಯಾಟಿನ್‌ನಲ್ಲಿ 'ಕರುಣಿಸು' ಅಂತ, ಬೈಬಲ್ಲಿನ ಒಂದು ಕೀರ್ತನೆಯ ಮೊದಲ ಮಾತು. ಅವನ ಚಿತ್ರಗಳನ್ನು ಮಾರುತ್ತಿದ್ದ ಆಂಬ್ರುವಾಜ್ ವೊಲಾರ್ ಈ ಕೆಲಸವನ್ನು ತಾಮ್ರದ ತಗಡಿಗೆ ಇಳಿಸಿಸಿದರು. ಇಳಿಸಿದ್ದು ಫೋಟೊ ವಿಧಾನದಲ್ಲಿ, ಅದಕ್ಕೆ ಹೀಲಿಯೊಗ್ರಾವ್ಯೂರ್ ಅನ್ನುತ್ತಾರೆ. ರೂವೋಗೆ ಅದು ಸ್ವಲ್ಪವೂ ಸಮಾಧಾನ ಕೊಡಲಿಲ್ಲ. ಆ ತಗಡುಗಳ ಮೇಲೆ ವರ್ಷಗಟ್ಟಲೆ ಕೂತು ಅರದಿಂದ ಉಜ್ಜಿ, ಕೆರೆದು, ಉಳಿಯಿಂದ ಗೀರಿ, ಬ್ರಷ್ಷಿನಲ್ಲಿ ಆಸಿಡ್ ಹಚ್ಚಿ, ಅಚ್ಚು ತೆಗೆದು ನೋಡಿ ಮತ್ತೆ ಕೆರೆದು, ಕೆಲವು ತಗಡುಗಳನ್ನು ಹನ್ನೆರಡು ಹದಿನೈದು ಸಲ ಬದಲಾಯಿಸಿದ.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಯಾರಾದರೂ ನಿಮಗೆ 'ಮಿಸೆರೆರೆ ಬರೀ ಫೋಟೊ ಪ್ರಿಂಟು, ಅದಕ್ಕೆ ಬೆಲೆ ಇಲ್ಲ' ಅಂದರೆ ಅದು ಅರ್ಧ ಸತ್ಯ. ಅಡಿಪಾಯ ಫೋಟೊದ್ದು ನಿಜ, ಮೇಲಿನ ಕೆಲಸ ಪೂರ್ತಿ ಕೈಯದ್ದು. ಹಾಗೆಯೇ 'ಪ್ರತಿ ಗೆರೆಯೂ ಕೈಯಲ್ಲೇ ಕೊರೆದದ್ದು' ಅಂತ ಹೊಗಳಿ ಮಾರುವವರ ಮಾತೂ ಸರಿಯಲ್ಲ.

ಈಗ ವರ್ಷಗಳು. ಇವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಎಲ್ಲ ಗೊಂದಲವೂ ಇಲ್ಲೇ ಹುಟ್ಟುವುದು. ಪ್ಯಾರಿಸ್ಸಿನ ಜಾಕ್ಮೆ ಅವರ ಮುದ್ರಣಾಲಯದಲ್ಲಿ ಹಾಳೆಗಳು ಅಚ್ಚಾದದ್ದು 1922ರಿಂದ 1927ರ ನಡುವೆ. ಅಚ್ಚಾದ ಮೇಲೆ ಆ ತಗಡುಗಳನ್ನು ಮತ್ತೆ ಬಳಸದ ಹಾಗೆ ರದ್ದು ಮಾಡಿದರು. ಆದರೆ ಸರಣಿ ಹೊರಗೆ ಬಂದದ್ದು 1948ರಲ್ಲಿ. ನಡುವೆ ಇಪ್ಪತ್ತು ವರ್ಷ ಹಾಳೆಗಳು ಸುಮ್ಮನೆ ಬಿದ್ದಿದ್ದವು. 1939ರಲ್ಲಿ ವೊಲಾರ್ ಕಾರು ಅಪಘಾತದಲ್ಲಿ ತೀರಿಹೋದರು, ಆಮೇಲೆ ಎರಡನೇ ಯುದ್ಧ, ಅದು ಮುಗಿದ ಮೇಲೆ ವೊಲಾರ್ ವಾರಸುದಾರರ ವಿರುದ್ಧ ರೂವೋ ಕೋರ್ಟಿಗೆ ಹೋದ. ತನ್ನ ಮುಗಿಯದ ಚಿತ್ರಗಳನ್ನು 1947ರಲ್ಲಿ ಗೆದ್ದು ವಾಪಸ್ ಪಡೆದ. ಮರುವರ್ಷ ಅವುಗಳಲ್ಲಿ 315 ಚಿತ್ರಗಳನ್ನು ತನ್ನ ಕೈಯಾರೆ ಬೆಂಕಿಗೆ ಹಾಕಿದ. ಮುಗಿಸಲು ಆಯುಸ್ಸು ಸಾಲದು ಅನ್ನಿಸಿದ್ದನ್ನು ಲೋಕಕ್ಕೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಅದೇ 1948ರಲ್ಲಿ ಮಿಸೆರೆರೆ ಹೊರಬಂತು. ಹಾಗಾಗಿ ಒಂದೇ ಹಾಳೆಗೆ ಒಬ್ಬರು '1926' ಅಂತ, ಇನ್ನೊಬ್ಬರು '1948' ಅಂತ ಬರೆದಿದ್ದರೆ ಹೆದರಬೇಡಿ, ಎರಡೂ ಸರಿ. 1960ರ ಅಚ್ಚು ಅಂತ ಬರೆದಿದ್ದರೆ ಮಾತ್ರ ಎದ್ದು ಬನ್ನಿ.

ಎಷ್ಟು ಪ್ರತಿ, ಏನು ಅರ್ಥ

ಒಟ್ಟು 450 ಪ್ರತಿ. 1ರಿಂದ 425ರವರೆಗೆ ನಂಬರು ಹಾಕಿದ್ದು, ಮತ್ತೆ ರೋಮನ್ ಅಂಕಿಯಲ್ಲಿ 25, ಅವು ಮಾರಾಟಕ್ಕೆ ಅಲ್ಲದವು. ಒಂದು ಪ್ರತಿ ಅಂದರೆ 58 ಹಾಳೆಗಳ ಪೂರ್ತಿ ಕಟ್ಟು. ಅಂದರೆ ಒಟ್ಟು 26,100 ಹಾಳೆ. ಸಣ್ಣ ಸಂಖ್ಯೆ ಅಲ್ಲ. 'ಅತ್ಯಂತ ಅಪರೂಪ, ಇವತ್ತೇ ತೆಗೆದುಕೊಳ್ಳಿ' ಅಂತ ಯಾರಾದರೂ ಅವಸರ ಮಾಡಿದರೆ ಈ ಲೆಕ್ಕ ನೆನಪಿರಲಿ. ಇದು ಹೋದರೆ ಇನ್ನೊಂದು ಬರುತ್ತದೆ. ಮೂರು ತಿಂಗಳು ಕಾಯಿರಿ, ಆರು ತಿಂಗಳು ಕಾಯಿರಿ, ಇದೇ ಚಿತ್ರ ಇನ್ನೂ ಚೆನ್ನಾಗಿರುವ ಸ್ಥಿತಿಯಲ್ಲಿ ಸಿಗಬಹುದು.

ಇನ್ನೊಂದು ಮುಖ್ಯ ವಿಷಯ. ನಂಬರು ಇರುವುದು ಕಟ್ಟಿನ ಮೊದಲ ಪುಟಗಳಲ್ಲಿ, ಹಾಳೆ ಹಾಳೆಯ ಮೇಲೆ ಅಲ್ಲ. ಕಟ್ಟು ಬಿಚ್ಚಿ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರಿದಾಗ ಆ ನಂಬರು ಜೊತೆಗೆ ಬರುವುದಿಲ್ಲ. ಪೆನ್ಸಿಲಿನ ಸಹಿಯೂ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ತಗಡಿನಲ್ಲೇ ಕೊರೆದ ಹೆಸರಿನ ಅಕ್ಷರ, ಕೆಲವದರಲ್ಲಿ ಇಸವಿ. ನಾವು ಸಿನಿಮಾದಲ್ಲಿ, ಜಾಹೀರಾತಿನಲ್ಲಿ ನೋಡಿ ಕಲಿತದ್ದು ಏನು? ಕೆಳಗೆ ಎಡಕ್ಕೆ 23/100, ಬಲಕ್ಕೆ ಸಹಿ, ಅದಿದ್ದರೆ ಅಸಲಿ. ಇಲ್ಲಿ ತಿರುಗುಮುರುಗು. ಮಿಸೆರೆರೆ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ನಂಬರು, ಸಹಿ ಇದ್ದರೆ ಮೊದಲು ಅನುಮಾನ ಪಡಿ. ಯಾರೋ ಬೆಲೆ ಏರಿಸಲು ಆಮೇಲೆ ಗೀಚಿದ್ದಿರಬಹುದು.

ಕೊಳ್ಳುವ ಮೊದಲು ಒಂದಾದರೂ ಅಸಲಿ ನೋಡಿ

ಮೊಬೈಲಿನಲ್ಲಿ ನೋಡಿದ್ದು ನೋಡಿದ ಹಾಗಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ, ಅದೇ ಮೋಮಾ, ಅಲ್ಲಿ ಈ ಸರಣಿ ಇದೆ. ಪ್ಯಾರಿಸ್ಸಿನಲ್ಲಿ ಇರುವವರಿಗೆ ರಿಷಲ್ಯೂ ಬೀದಿಯ ರಾಷ್ಟ್ರೀಯ ಗ್ರಂಥಾಲಯದ ಪ್ರಿಂಟ್ ವಿಭಾಗವಿದೆ. ದೊಡ್ಡ ಮ್ಯೂಸಿಯಂಗಳ ಪ್ರಿಂಟ್ ವಿಭಾಗದಲ್ಲಿ ಮೊದಲೇ ಬರೆದು ಕೇಳಿದರೆ ದಿನ ಕೊಟ್ಟು, ಹಾಳೆಯನ್ನು ಮೇಜಿನ ಮೇಲೆ ಇಟ್ಟು ತೋರಿಸುವ ಪದ್ಧತಿ ಅನೇಕ ಕಡೆ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ನಾನು ಮೊದಲ ಸಲ ಹೋದಾಗ ಎದೆ ಡವಡವ ಅನ್ನುತ್ತಿತ್ತು. ನನ್ನಂಥವನಿಗೆ ಯಾಕೆ ತೋರಿಸುತ್ತಾರೆ ಅಂತ. ಕೈ ತೊಳೆದು ಬನ್ನಿ, ಪೆನ್ನು ಬೇಡ, ಪೆನ್ಸಿಲ್ ಮಾತ್ರ ಅಂದರು. ಅಷ್ಟೇ.

ಬೆಂಗಳೂರಿನಲ್ಲಿ ಇರುವವರು ರೂವೋನನ್ನು ಹುಡುಕುವ ಬದಲು ತಾಮ್ರದ ಅಚ್ಚು ಹೇಗೆ ಬೀಳುತ್ತದೆ ಅಂತ ಕಣ್ಣಾರೆ ನೋಡಿ. ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪ್ರಿಂಟ್ ಮಾಡುವುದನ್ನು ಕಲಿಸುತ್ತಾರೆ. ಗುರುತಿನ ವಿದ್ಯಾರ್ಥಿಗಳಿದ್ದರೆ ಕೇಳಿ ಹೋಗಿ. ತಗಡಿಗೆ ಇಂಕು ಬಳಿದು, ಬಟ್ಟೆಯಲ್ಲಿ ಒರೆಸಿ, ಒದ್ದೆ ಕಾಗದ ಮೇಲಿಟ್ಟು, ರೋಲರಿನ ಕೆಳಗೆ ಹಾಯಿಸುವುದನ್ನು ಒಂದು ಸಲ ನೋಡಿದರೆ ಸಾಕು, ಮುಂದೆ ನಾನು ಹೇಳುವ ಗುರುತುಗಳೆಲ್ಲ ತಾನಾಗಿ ಅರ್ಥವಾಗುತ್ತವೆ.

ನಾನು ಮೋಸ ಹೋದದ್ದು

ಲಿಯೋನ್‌ನ ಒಂದು ಭಾನುವಾರದ ಹಳೇ ಸಾಮಾನಿನ ಸಂತೆ. ಫ್ರೇಮಿನಲ್ಲಿ ವಿದೂಷಕನ ಮುಖ. ಸರಣಿಯ 8ನೇ ಚಿತ್ರ, 'ಬಣ್ಣ ಹಚ್ಚಿಕೊಳ್ಳದವರು ಯಾರು?' ಅಂತ ಅದರ ಹೆಸರು. ಈ ಸರಣಿಯಲ್ಲಿ ಎಲ್ಲರೂ ಹುಡುಕುವ ಚಿತ್ರ ಅದು. ಆ ಕಣ್ಣುಗಳ ದುಃಖ ನೋಡಿ ನಾನು ಕರಗಿಹೋದೆ. ಮಾರುವವನು 'ಅಸಲಿ ರೂವೋ' ಅಂದ, 180 ಯೂರೋ ಅಂದ. ಚೌಕಾಸಿ ಕೂಡ ಮಾಡದೆ ಕೊಟ್ಟೆ.

ಮನೆಗೆ ಬಂದು ಅಡುಗೆಮನೆ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಫ್ರೇಮಿನ ಹಿಂದಿನ ಮೊಳೆ ಕಿತ್ತೆ. ಹಾಳೆ ಹೊರಗೆ ಬಂತು. ತೆಳು, ನುಣುಪು. ಚಿತ್ರದ ಸುತ್ತ ಬೆರಳು ಆಡಿಸಿದೆ, ಎಲ್ಲೂ ತಗ್ಗಿಲ್ಲ. ಮೂರು ಅಂಚು ಸರಿ ಇದ್ದವು, ಎಡಗಡೆಯದು ಮಾತ್ರ ಬ್ಲೇಡಿನಿಂದ ಕತ್ತರಿಸಿದ ಹಾಗೆ ಸ್ವಲ್ಪ ಓರೆ. ಭೂತಗನ್ನಡಿ ಇಟ್ಟರೆ ಕಪ್ಪು ಬಣ್ಣದ ಜಾಗದಲ್ಲಿ ಒಂದೇ ಅಳತೆಯ ಚುಕ್ಕಿಗಳು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲು ಸಾಲು. ಪುಸ್ತಕದಿಂದ ಕಿತ್ತ ಪುಟ ಅದು.

ವಿಷಯ ಏನೆಂದರೆ, ಸರಣಿ ಬಂದ ಕೆಲವೇ ವರ್ಷದಲ್ಲಿ, 1950ರ ಸುಮಾರಿಗೆ, ಮಿಸೆರೆರೆಯನ್ನು ಸಣ್ಣ ಅಳತೆಯ ಪುಸ್ತಕವಾಗಿ ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿದರು. ಮೋಮಾ ಕೂಡ 1952ರಲ್ಲಿ ಒಂದನ್ನು ತಂದಿತು. ಒಳ್ಳೆಯ ಪುಸ್ತಕಗಳು ಅವು, ಪ್ರಾಮಾಣಿಕವಾಗಿ ಪುಸ್ತಕ ಅಂತಲೇ ಮಾರಿದ್ದು. ಆದರೆ ಅವುಗಳ ಪುಟ ಕಿತ್ತು, ಫ್ರೇಮ್ ಹಾಕಿ, ಅಸಲಿ ಅಂತ ಮಾರುವವರು ಇವತ್ತಿಗೂ ಇದ್ದಾರೆ. ಆ ಪುಟವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅಸಲಿಯ ಪಕ್ಕ ಇಟ್ಟು ನೋಡಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಹಾಳೆಯನ್ನು ಹೇಗೆ ಓದುವುದು

ಮೊದಲು ಟೇಪು ತೆಗೆಯಿರಿ. ಅಸಲಿ ಹಾಳೆ ಸುಮಾರು 65 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ. ಅಂದರೆ ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡದು. ಒಂದೊಂದು ಚಿತ್ರದ ಅಳತೆ ಒಂದೊಂದು ತರ, ಆದರೆ ಯಾವುದೂ ನೋಟ್‌ಬುಕ್ಕಿನಷ್ಟು ಸಣ್ಣದಲ್ಲ. ನೋಟ್‌ಬುಕ್ ಅಳತೆಯದು ಸಿಕ್ಕರೆ ಮುಂದೆ ನೋಡುವುದೇ ಬೇಡ.

ಆಮೇಲೆ ತಗ್ಗು. ತಾಮ್ರದ ತಗಡನ್ನು ಭಾರ ಹಾಕಿ ಒತ್ತಿದಾಗ ಅದರ ಅಂಚು ಕಾಗದದಲ್ಲಿ ಇಳಿಯುತ್ತದೆ. ಚಿತ್ರದ ಸುತ್ತ ತಟ್ಟೆಯ ಅಂಚಿನ ಹಾಗೆ ಒಂದು ಚೌಕದ ತಗ್ಗು ಕಾಣಬೇಕು. ನೇರ ಬೆಳಕಿನಲ್ಲಿ ಅದು ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ಹಾಳೆಯ ಪಕ್ಕದಲ್ಲಿ, ಹೆಚ್ಚುಕಮ್ಮಿ ಮೇಜಿಗೇ ತಾಗುವಷ್ಟು ಕೆಳಗೆ ಹಿಡಿಯಿರಿ. ಬೆಳಕು ಅಡ್ಡ ಹಾಯುತ್ತಿದ್ದ ಹಾಗೇ ತಗಡಿನ ನಾಲ್ಕು ಬದಿ ಎದ್ದು ಬರುತ್ತದೆ. ಅಷ್ಟೇ ಅಲ್ಲ, ಕಪ್ಪು ಇರುವ ಕಡೆ ಇಂಕು ಕಾಗದದ ಮೇಲೆ ಕೂತಿರುವುದು ಕಾಣುತ್ತದೆ, ಅದರ ನಡುವೆ ರೂವೋ ಕೆರೆದ ಜಾಗ, ಅರ ಜಾರಿದ ಗೀರು, ಉಜ್ಜಿ ಬೆಳ್ಳಗೆ ಮಾಡಿದ ಹಣೆ. ಮುಂದೆ ನಾನು ಕೊಂಡ 46ನೇ ಚಿತ್ರದ ಹಾಳೆಗೆ ಮೊದಲ ರಾತ್ರಿ ಹೀಗೆ ಟಾರ್ಚು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕಪ್ಪು ಒಂದೇ ಕಪ್ಪಲ್ಲ. ಮಸಿಯ ಹಾಗೆ ಗಟ್ಟಿ ಕಪ್ಪು, ಒದ್ದೆ ಕಲ್ಲಿನ ಕಪ್ಪು, ಹೊಗೆಯ ಕಪ್ಪು, ಎಲ್ಲ ಒಂದರ ಪಕ್ಕ ಒಂದು. ಒಂದು ಗೀರು ದಪ್ಪ ಗೆರೆಯನ್ನು ದಾಟಿ ಖಾಲಿ ಜಾಗಕ್ಕೆ ಓಡಿಹೋಗಿತ್ತು. ಗುಡಿಗಾರರ ಉಳಿ ಒಮ್ಮೊಮ್ಮೆ ಹಾಗೆ ಜಾರುತ್ತಿತ್ತು.

ಮೂರನೆಯದು ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು, ಒಡವೆ ಅಂಗಡಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಅಸಲಿಯಲ್ಲಿ ಬೂದು ಬಣ್ಣದ ಜಾಗ ರವೆ ಚೆಲ್ಲಿದ ಹಾಗೆ ಇರುತ್ತದೆ. ಕಾಳುಗಳು ಸಣ್ಣ ದೊಡ್ಡ, ಅಡ್ಡಾದಿಡ್ಡಿ. ಅದು ಅಕ್ವಾಟಿಂಟ್ ಅನ್ನುವ ವಿಧಾನದ ಗುರುತು, ತಗಡಿನ ಮೇಲೆ ರಾಳದ ಪುಡಿ ಕೂರಿಸಿ ಆಸಿಡ್ಡಿಗೆ ಹಾಕಿದಾಗ ಬರುವುದು. ಪುಸ್ತಕದ ಪುಟದಲ್ಲಿ ಚುಕ್ಕಿಗಳು ಲೆಕ್ಕ ಹಾಕಿದ ಹಾಗೆ ಸಾಲಾಗಿರುತ್ತವೆ. ಒಮ್ಮೆ ಎರಡನ್ನೂ ನೋಡಿದವರು ಮತ್ತೆ ತಪ್ಪುವುದಿಲ್ಲ.

ಕೊನೆಗೆ ಕಾಗದವನ್ನು ಕಿಟಕಿಗೆ ಎದುರಾಗಿ ಹಿಡಿಯಿರಿ. ಇದು ಆರ್ಶ್ ಕಂಪನಿಯ ಗೆರೆ ಕಾಗದ. ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡವಾಗಿ ದೂರ ದೂರ ಕೆಲವು ಗೆರೆಗಳು ಕಾಣುತ್ತವೆ, ಚಾಪೆ ಹೆಣೆದ ಹಾಗೆ. ಅದರೊಳಗೆ ಆಂಬ್ರುವಾಜ್ ವೊಲಾರ್ ಅಂತ ಹೆಸರಿನ ವಾಟರ್‌ಮಾರ್ಕ್. ನಮ್ಮ ನೋಟಿನಲ್ಲಿ ಗಾಂಧೀಜಿ ಕಾಣುವ ಹಾಗೆಯೇ. ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿದ್ದರಿಂದಲೇ, ಸರಣಿ ಹೊರಬರುವ ಹೊತ್ತಿಗೆ ಬದುಕಿಲ್ಲದ ಮನುಷ್ಯನ ಹೆಸರು ಕಾಗದದಲ್ಲಿ ಉಳಿದಿದೆ. ನನಗೆ ಈ ಹೆಸರು ಕಂಡಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಸ್ಥಿತಿ ನೋಡುವುದು

ಅಸಲಿ ಅಂತ ಗೊತ್ತಾದ ಮೇಲೂ ಅರ್ಧ ಕೆಲಸ ಬಾಕಿ. ಬೆಲೆ ನಿಂತಿರುವುದೇ ಸ್ಥಿತಿಯ ಮೇಲೆ. ಯಾವತ್ತೂ ಫ್ರೇಮಿನಿಂದ ಹೊರಗೆ ತೆಗೆದು ನೋಡಿ. ಆನ್‌ಲೈನ್ ಆದರೆ ಫ್ರೇಮ್ ಬಿಚ್ಚಿದ ಫೋಟೊ ಕೇಳಿ, ಹಿಂಬದಿಯ ಫೋಟೊ ಕೇಳಿ, ನಾಲ್ಕು ಮೂಲೆಯ ಫೋಟೊ ಕೇಳಿ. ಕೊಡುವುದಿಲ್ಲ ಅಂದರೆ ಅದೇ ಉತ್ತರ.

ನೋಡಬೇಕಾದದ್ದು ಹೇಳುತ್ತೇನೆ. ಕಂದು ಚುಕ್ಕಿ, ಅದು ತೇವದ ಗುರುತು. ಒಂದೆರಡು ಅಂಚಿನಲ್ಲಿದ್ದರೆ ಸಹಿಸಬಹುದು, ಮುಖದ ಮೇಲೆ ಇದ್ದರೆ ಬೇಡ. ಚಿತ್ರದ ಸುತ್ತ ಚೌಕಾಕಾರದ ಕಂದು ಬಣ್ಣ, ಅದು ಚಿತ್ರದ ಸುತ್ತ ಹಾಕುವ ಅಗ್ಗದ ರಟ್ಟಿನ, ಅಂದರೆ ಮೌಂಟ್ ಬೋರ್ಡಿನ, ಆಸಿಡ್ ಕಾಗದಕ್ಕೆ ಇಳಿದದ್ದು. ಹಿಂದೆ ಹಳೇ ಟೇಪಿನ ಹಳದಿ ಕಲೆ. ಬಿಸಿಲಿಗೆ ಒಣಗಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ ಕಾಗದ. ಇವೆಲ್ಲ ಬೆಲೆ ಇಳಿಸುತ್ತವೆ, ಆದರೆ ಹಾಳೆ ಕೆಟ್ಟಿತು ಅಂತಲ್ಲ. ಒಳ್ಳೆಯ ಕಾಗದ ತಜ್ಞರು ಸ್ವಲ್ಪ ಮಟ್ಟಿಗೆ ಸರಿ ಮಾಡಿಕೊಡುತ್ತಾರೆ.

ನಾನು ಖಂಡಿತ ಬೇಡ ಅನ್ನುವುದು ಎರಡು. ಒಂದು, ಫ್ರೇಮಿಗೆ ಹೊಂದಲಿ ಅಂತ ಅಂಚನ್ನು ಕತ್ತರಿಸಿದ ಹಾಳೆ. ಮಿಸೆರೆರೆಯ ಬಿಳಿ ಅಂಚು ಚಿತ್ರದ ಭಾಗವೇ, ಅಷ್ಟು ಕಪ್ಪಿಗೆ ಉಸಿರಾಡಲು ಜಾಗ ಬೇಡವೇ? ಇನ್ನೊಂದು, ರಟ್ಟಿಗೆ ಪೂರ್ತಿ ಅಂಟಿಸಿದ್ದು. ಅದನ್ನು ಬಿಡಿಸುವುದು ಪರಿಣತರಿಗೂ ಕಷ್ಟ. ತಗ್ಗು ಎಲ್ಲ ಸಪಾಟಾಗಿ ಹೋಗಿರುತ್ತದೆ.

ಎಲ್ಲಿ ಕೊಳ್ಳುವುದು, ಎಷ್ಟು ಕೊಡುವುದು

ಪ್ಯಾರಿಸ್ಸಿನ ದ್ರುವೋ ಹರಾಜು ಮನೆ ಎಲ್ಲರಿಗೂ ತೆರೆದದ್ದು. ಹರಾಜಿಗೆ ಮೊದಲು ವಸ್ತುಗಳನ್ನು ಇಟ್ಟಿರುತ್ತಾರೆ, ಟಿಕೆಟ್ ಇಲ್ಲ, ಹೋಗಿ ಹತ್ತಿರದಿಂದ ನೋಡಬಹುದು, ಸಿಬ್ಬಂದಿಗೆ ಹೇಳಿದರೆ ತೆಗೆದು ತೋರಿಸುತ್ತಾರೆ. ಪ್ಯಾರಿಸ್ಸಿಗೆ ಹೋದವರು ಐಫೆಲ್ ಗೋಪುರದ ಜೊತೆಗೆ ಒಂದು ಮಧ್ಯಾಹ್ನ ಇಲ್ಲಿಗೂ ಇಟ್ಟುಕೊಳ್ಳಿ. ಕೊಳ್ಳದಿದ್ದರೂ ಕಣ್ಣು ಪಳಗುತ್ತದೆ.

ಹರಾಜಿನಲ್ಲಿ ಒಂದು ಎಚ್ಚರ ಇರಲಿ. ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆ ಅಲ್ಲ. ಕೊಳ್ಳುವವರ ಶುಲ್ಕ ಅಂತ ಮೇಲೆ ಸೇರಿಸುತ್ತಾರೆ, ಸಾಮಾನ್ಯವಾಗಿ ಶೇಕಡಾ 25ರಿಂದ 30ರ ಆಸುಪಾಸು. 800 ಯೂರೋಗೆ ಕೂಗಿದಿರಿ ಅನ್ನಿ, ಶುಲ್ಕ ಶೇ. 28 ಇದ್ದರೆ 1,024 ಆಯಿತು. ಅದರ ಮೇಲೆ ಪ್ಯಾಕಿಂಗ್, ವಿಮೆ, ಸಾಗಣೆ. ಆನ್‌ಲೈನಿನಲ್ಲಿ ಕೂಗಿದರೆ ಅದಕ್ಕೂ ಸ್ವಲ್ಪ ಸೇರುವುದುಂಟು. ಹಾಗಾಗಿ ಮನೆಯಲ್ಲೇ ಕೂತು, ಎಲ್ಲ ಸೇರಿ ಎಷ್ಟು ಕೊಡಬಲ್ಲೆ ಅಂತ ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೂಗುವ ಮಿತಿ ಗೊತ್ತು ಮಾಡಿಕೊಳ್ಳಿ. ಹರಾಜಿನ ಬಿಸಿಯಲ್ಲಿ ಈ ಲೆಕ್ಕ ಯಾರಿಗೂ ಬರುವುದಿಲ್ಲ, ನನಗಂತೂ ಬಂದಿಲ್ಲ.

ಅಂಗಡಿಯಲ್ಲಿ ಬೆಲೆ ಹೆಚ್ಚು. ಆದರೆ ಒಳ್ಳೆಯ ಪ್ರಿಂಟ್ ಅಂಗಡಿಯವರು ರಸೀದಿಯಲ್ಲಿ ಎಲ್ಲ ಬರೆದುಕೊಡುತ್ತಾರೆ. ಮೊದಲ ಹಾಳೆಯನ್ನು ಅಂಗಡಿಯಿಂದಲೇ ತೆಗೆದುಕೊಳ್ಳಿ ಅಂತ ನನ್ನ ಸಲಹೆ. ಆ ಹೆಚ್ಚಿನ ದುಡ್ಡು ಕಲಿಕೆಯ ಫೀಸು.

ರಸೀದಿಯಲ್ಲಿ ಇರಲೇಬೇಕಾದದ್ದು: ಕಲಾವಿದನ ಹೆಸರು, ಚಿತ್ರದ ಹೆಸರು ಮತ್ತೆ ಸರಣಿಯಲ್ಲಿ ಅದರ ಸಂಖ್ಯೆ, ವಿಧಾನ, ಹಾಳೆಯ ಮತ್ತು ತಗಡಿನ ಅಳತೆ, 450 ಪ್ರತಿಗಳ 1948ರ ಪ್ರಕಟಣೆ ಅಂತ ಸ್ಪಷ್ಟ ಮಾತು, ಸ್ಥಿತಿಯ ವಿವರ. ಜೊತೆಗೆ ಕ್ಯಾಟಲಾಗ್ ಸಂಖ್ಯೆ. ರೂವೋನ ಪ್ರಿಂಟುಗಳಿಗೆಲ್ಲ ಫ್ರಾಂಸ್ವಾ ಶಪೋನ್ ಮತ್ತು ರೂವೋನ ಮಗಳು ಇಸಾಬೆಲ್ ಸೇರಿ 1978ರಲ್ಲಿ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮಿಸೆರೆರೆ 54ರಿಂದ 111. ಲೆಕ್ಕ ಸುಲಭ, ಸರಣಿಯ ಸಂಖ್ಯೆಗೆ 53 ಕೂಡಿಸಿ. ನನ್ನ ಗಂಧದ ಚಿತ್ರ ಅಲ್ಲಿ 99. ಮಾರುವವರು ಕೊಟ್ಟ ಸಂಖ್ಯೆ ಈ ಲೆಕ್ಕಕ್ಕೆ ಹೊಂದದಿದ್ದರೆ ಮತ್ತೆ ಕೇಳಿ, ಎಷ್ಟೋ ಸಲ ಹೆಸರೇ ಅದಲುಬದಲು ಆಗಿರುತ್ತದೆ.

ಯಾವ ಚಿತ್ರ ಆರಿಸುವುದು? 8ನೆಯದಕ್ಕೆ ಎಲ್ಲರೂ ಬರುತ್ತಾರೆ, ಬೆಲೆಯೂ ಹಾಗೇ ಏರುತ್ತದೆ. 12ನೆಯದು, 'ಬದುಕುವ ಕಷ್ಟದ ಕಸುಬು' ಅಂತ ಹೆಸರು, ನನಗೆ ಅದು ಬಹಳ ಇಷ್ಟ. ಯುದ್ಧದ ಚಿತ್ರಗಳನ್ನು, ಅಸ್ಥಿಪಂಜರ ಇರುವುದನ್ನು ಗೋಡೆಗೆ ಹಾಕಲು ಜನ ಹಿಂಜರಿಯುತ್ತಾರೆ, ಅದಕ್ಕೇ ಅವು ಸ್ವಲ್ಪ ಕಡಿಮೆಗೆ ಸಿಗುವುದುಂಟು. ಪೂರ್ತಿ ಕಟ್ಟು ಸಿಕ್ಕಿ ಕೊಳ್ಳುವ ಶಕ್ತಿಯೂ ಇದ್ದರೆ, ದಯವಿಟ್ಟು ಅದನ್ನು ಬಿಚ್ಚಿ ಮಾರಬೇಡಿ. ಪೂರ್ತಿಯಾಗಿ ಉಳಿದ ಒಂದೊಂದು ಕಟ್ಟೂ ಈಗ ಬೆಲೆಬಾಳುವಂಥದ್ದು, ದುಡ್ಡಿನ ಲೆಕ್ಕದಲ್ಲಿ ಮಾತ್ರ ಅಲ್ಲ.

ಊರಿಗೆ ತರುವುದು

ಭಾರತಕ್ಕೆ ತರುವವರಿಗೆ ಒಂದು ಮಾತು. ಕಸ್ಟಮ್ಸ್ ಪಟ್ಟಿಯಲ್ಲಿ ಅಸಲಿ ಪ್ರಿಂಟುಗಳಿಗೆ 9702 ಅಂತ ಪ್ರತ್ಯೇಕ ಸಂಖ್ಯೆ ಇದೆ, ಆದರೆ ಅದು ಕಲಾವಿದ ಪೂರ್ತಿ ಕೈಯಲ್ಲೇ ಮಾಡಿದ ತಗಡಿನ ಪ್ರಿಂಟಿಗೆ, ಫೋಟೊ ವಿಧಾನದ್ದಕ್ಕೆ ಅಲ್ಲ. ಫೋಟೊ ಅಡಿಪಾಯದ ಮಿಸೆರೆರೆಗೆ ಅದು ಹೊಂದುತ್ತದೋ ಇಲ್ಲವೋ ಅಂತ ಮೊದಲೇ ಕೇಳಿಕೊಳ್ಳಿ. ಮಾರುವವರ ಬಿಲ್ಲಿನಲ್ಲಿ ಚಿತ್ರದ ವಿವರ, ನಿಜವಾದ ಬೆಲೆ ಇರಲಿ. 'ಪೋಸ್ಟರ್' ಅಂತಲೋ 'ಉಡುಗೊರೆ' ಅಂತಲೋ ಬರೆಸಬೇಡಿ. ಸುಳ್ಳು ಬೆಲೆ ಬರೆಸಿದರೆ ದಾರಿಯಲ್ಲಿ ಹಾಳಾದಾಗ ವಿಮೆಯೂ ಅಷ್ಟೇ ಸಿಗುವುದು. ತೆರಿಗೆ ದರ ಬದಲಾಗುತ್ತಿರುತ್ತದೆ, ಕಳಿಸುವ ಮೊದಲು ಕೊರಿಯರ್‌ನವರ ಕಸ್ಟಮ್ಸ್ ಏಜೆಂಟನ್ನು ಕೇಳಿ ಲೆಕ್ಕ ಮಾಡಿಕೊಳ್ಳಿ. ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸಲು ಬಿಡಬೇಡಿ. ಎರಡು ಗಟ್ಟಿ ಬೋರ್ಡಿನ ನಡುವೆ ಮಟ್ಟಸವಾಗಿ ಬರಬೇಕು.

ಗೋಡೆಗೆ ಹಾಕುವ ಮೊದಲು

ಫ್ರೇಮ್ ಅಂಗಡಿಯವರಿಗೆ ಬಿಟ್ಟುಬಿಟ್ಟರೆ ಅವರು ಅಭ್ಯಾಸದಂತೆ ಟೇಪು ಹಚ್ಚುತ್ತಾರೆ, ರಟ್ಟಿಗೆ ಗೋಂದು ಬಳಿಯುತ್ತಾರೆ. ಪಕ್ಕದಲ್ಲೇ ನಿಂತು ಮಾಡಿಸಿ. ಆಸಿಡ್ ಇಲ್ಲದ ಬೋರ್ಡು ಬೇಕು, ಹಿಂದೆಯೂ ಮುಂದೆಯೂ. ಹಾಳೆಯನ್ನು ಮೇಲಿನ ಅಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಯಿಂದ, ಗೋಧಿ ಹಿಟ್ಟಿನ ಗಂಜಿಯಲ್ಲಿ ಅಂಟಿಸಬೇಕು. ನೀರು ಹಚ್ಚಿದರೆ ಬಿಡುವಂಥದ್ದು. ಉಳಿದ ಮೂರು ಬದಿ ಸ್ವತಂತ್ರ, ಹವಾಮಾನಕ್ಕೆ ಕಾಗದ ಹಿಗ್ಗಿ ಕುಗ್ಗಬೇಕಲ್ವಾ. ಗಾಜು ಹಾಳೆಗೆ ತಾಗಬಾರದು, ನಡುವೆ ಮೌಂಟಿನ ದಪ್ಪ ಇರಲಿ. ಅತಿನೇರಳೆ ಕಿರಣ ತಡೆಯುವ ಗಾಜು ಸಿಕ್ಕರೆ ಒಳ್ಳೆಯದು.

ನಮ್ಮ ಮಲೆನಾಡು, ಕರಾವಳಿಯ ಕಡೆ ಶತ್ರು ಬಿಸಿಲಿಗಿಂತ ಮಳೆ. ಜೂನ್ ಬಂತೆಂದರೆ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಹತ್ತಿಯ ಕಾಗದ ಕೇಳಬೇಕೆ. ಹೊರಗೋಡೆಗೆ ಯಾವತ್ತೂ ನೇತು ಹಾಕಬೇಡಿ, ಒಳಗೋಡೆ ಆರಿಸಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ. ಅಡುಗೆಮನೆ, ಬಚ್ಚಲು, ದೇವರ ದೀಪದ ಹೊಗೆ ತಾಗುವ ಜಾಗ ಬೇಡ. ಒಂದು ಸಣ್ಣ ತೇವದ ಮೀಟರು ಕೋಣೆಯಲ್ಲಿ ಇಟ್ಟುಕೊಳ್ಳಿ, ಶೇ. 50ರ ಆಸುಪಾಸು ಇದ್ದರೆ ನೆಮ್ಮದಿ, 65 ದಾಟಿ ದಿನಗಟ್ಟಲೆ ನಿಂತರೆ ಇಳಿಸಿ ಒಣ ಜಾಗದಲ್ಲಿ ಮಟ್ಟಸವಾಗಿ ಇಡಿ.

ನನ್ನ 46 ಈಗ ಸಾಗರದ ಮನೆಯಲ್ಲಿ, ನಡುಮನೆಯ ಒಳಗೋಡೆಯ ಮೇಲಿದೆ. ಅಂಗಡಿಯಲ್ಲಿ ಮೊದಲು ಕಂಡದ್ದಲ್ಲ, ಒಂಬತ್ತು ವರ್ಷ ಕಾದ ಮೇಲೆ ಹರಾಜಿನಲ್ಲಿ ಸಿಕ್ಕ ಇನ್ನೊಂದು ಹಾಳೆ. ಅಮ್ಮ ಮೊದಲು ಅದನ್ನು ನೋಡಿ 'ಇಷ್ಟು ಕಪ್ಪು ಯಾಕೋ' ಅಂದರು. ಹೆಸರಿನ ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹತ್ತಿರ ಹೋಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಮಳೆಗಾಲದಲ್ಲಿ ಮೀಟರು ನೋಡಿ ಇಳಿಸಿ ಇಡುವುದು ಈಗ ಅವರ ಕೆಲಸ, ಕಳೆದ ಜುಲೈನಲ್ಲಿ ಫೋನ್ ಮಾಡಿ 'ಎಪ್ಪತ್ತು ತೋರಿಸ್ತಿದೆ, ಇಳಿಸಿದೆ' ಅಂದರು.